ಗರಸು ದಾರಿಗೆ ರೋಡ್ ಬೈಕ್ ಆದೀತೆ?

ಪ್ರಶ್ನೆ: ಕಳೆದ ವರ್ಷ ಬಾಗಿದ ಹ್ಯಾಂಡಲಿನ ರೋಡ್ ಬೈಕ್ ಒಂದನ್ನು ಕೊಂಡಿದ್ದೇನೆ; ಟೈರುಗಳು 25 ಮಿ.ಮೀ. ಅಗಲದವು. ಭಾನುವಾರ ಆನೆಗೊಂದಿ, ಸಾಣಾಪುರದ ಕಡೆ ಹೋದಾಗ ಡಾಂಬರು ಬಿಟ್ಟು ಕಾಲುವೆ ದಂಡೆಯ ಗರಸು ದಾರಿಗೆ ಇಳಿಯುವ ಆಸೆಯಾಗುತ್ತದೆ. ಇಳಿದ ಎರಡು ಸಲವೂ ಪಂಕ್ಚರ್ ಆಯಿತು. ಬೇರೆ ಸೈಕಲ್ಲನ್ನೇ ಕೊಳ್ಳಬೇಕೆ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಕೊಳ್ಳಬೇಕಾಗಿಲ್ಲ. ಉತ್ತರ ಫ್ರಾನ್ಸಿನಲ್ಲಿ 1896ರಲ್ಲಿ ಆರಂಭವಾದ ಪ್ಯಾರಿಸ್–ರೂಬೆ ಪಂದ್ಯದಲ್ಲಿ ಸವಾರರು ಇಂದಿಗೂ ಒರಟು ಕಲ್ಲುಹಾಸಿನ ಮೇಲೆ ಹಾಯುವುದು ರೋಡ್ ಬೈಕಿನಲ್ಲಿಯೇ; ಆದರೆ ಅವರು ಅದಕ್ಕೆ ಅಗಲವಾದ ಟೈರು ಹಾಕಿ, ಗಾಳಿಯನ್ನು ಕಡಿಮೆ ತುಂಬಿಸಿಕೊಂಡಿರುತ್ತಾರೆ.

ಮೊದಲು ತೂತಾದ ಟ್ಯೂಬನ್ನು ನೋಡಿ. ಅಕ್ಕಪಕ್ಕದಲ್ಲಿ ಎರಡು ಸಣ್ಣ ಸೀಳುಗಳಿದ್ದರೆ, ಗಾಳಿ ಸಾಲದೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಕಚ್ಚಿಸಿಕೊಂಡಿದೆ ಎಂದರ್ಥ. ಸೂಜಿಮೊನೆಯಷ್ಟು ಒಂದೇ ತೂತಿದ್ದರೆ ಅದು ಬಹುಮಟ್ಟಿಗೆ ಬಳ್ಳಾರಿ ಜಾಲಿಯ ಕೆಲಸ. (ಹೆಸರು ಬಳ್ಳಾರಿಯದಾದರೂ ಆ ಗಿಡದ ಮೂಲ ಅಮೆರಿಕ ಖಂಡ.) ಈ ಮುಳ್ಳಿನ ತೊಂದರೆಯೆಂದರೆ, ಹೊರಗಿನ ಭಾಗ ಮುರಿದು ಬಿದ್ದರೂ ಮೊನೆ ಟೈರಿನೊಳಗೆ ಉಳಿದು, ಹೊಸ ಟ್ಯೂಬು ಹಾಕಿದ ಹತ್ತೇ ನಿಮಿಷದಲ್ಲಿ ಅದನ್ನೂ ಚುಚ್ಚುತ್ತದೆ. ಆದ್ದರಿಂದ ಟೈರಿನ ಒಳಮೈ ಸುತ್ತ ಹತ್ತಿಬಟ್ಟೆಯೊಂದನ್ನು ನಿಧಾನವಾಗಿ ಎಳೆಯಿರಿ. ಎಲ್ಲಿ ನೂಲು ಸಿಕ್ಕಿಕೊಳ್ಳುವುದೋ ಅಲ್ಲಿ ಮುಳ್ಳಿದೆ. ಬರಿಗೈ ಬೇಡ.

ಫ್ರೇಮು ಮತ್ತು ಬ್ರೇಕಿನಲ್ಲಿ ಜಾಗವಿದ್ದರೆ 28 ಮಿ.ಮೀ. ಟೈರು ಹಾಕಿಸಿ; ಹಾಕಿದ ಮೇಲೆ ಎಲ್ಲ ಕಡೆ ನಾಲ್ಕು ಮಿ.ಮೀ. ಸಂದು ಉಳಿಯಬೇಕು, ಇಲ್ಲವಾದರೆ ಹರಳು ಸಿಕ್ಕಿ ಫ್ರೇಮನ್ನು ಉಜ್ಜುತ್ತದೆ. ಸುಮಾರು 70 ಕೆ.ಜಿ. ತೂಗುವವರು ಗರಸಿನ ಮೇಲೆ 28ರ ಟೈರಿಗೆ 60ರಿಂದ 70 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಈಗಿನ 25ರದಕ್ಕೆ 75ರಿಂದ 80 ಇಟ್ಟುಕೊಳ್ಳಬಹುದು. ಮುಂದಿನ ಚಕ್ರಕ್ಕಿಂತ ಹಿಂದಿನದಕ್ಕೆ ಐದು ಪಿಎಸ್‌ಐ ಹೆಚ್ಚಿರಲಿ, ಏಕೆಂದರೆ ಭಾರ ಬೀಳುವುದು ಹಿಂದೆ. ನೂರು ತುಂಬಿಸಿದರೆ ವೇಗ ಹೆಚ್ಚುತ್ತದೆ ಎಂಬ ನಂಬಿಕೆ ನುಣುಪು ಡಾಂಬರಿಗೆ ಒಪ್ಪೀತು. ಗರಸಿನಲ್ಲಿ ಚಕ್ರ ಪುಟಿದು, ನೀವು ತುಳಿದ ಶ್ರಮವೆಲ್ಲ ಅಲುಗಾಟದಲ್ಲಿ ಹೋಗುತ್ತದೆ.

ಸವಾರಿಯಲ್ಲಿ ಹ್ಯಾಂಡಲನ್ನು ಸಡಿಲವಾಗಿ ಹಿಡಿಯಿರಿ, ತಗ್ಗು ಬಂದಾಗ ಸೀಟಿನಿಂದ ತುಸು ಮೇಲೇಳಿ, ಸಡಿಲ ಹರಳಿನ ತಿರುವಿನಲ್ಲಿ ಮುಂದಿನ ಬ್ರೇಕನ್ನು ಒತ್ತಬೇಡಿ. ನಿಮ್ಮ ಸೈಕಲ್ಲಿನ ವಾಲ್ವು ಸಪೂರದ್ದಾಗಿದ್ದರೆ ಹಳ್ಳಿಯ ಪಂಕ್ಚರ್ ಅಂಗಡಿಯ ಪಂಪಿಗೆ ಅದು ಕೂರುವುದಿಲ್ಲ; ಹಿತ್ತಾಳೆಯ ಪುಟ್ಟ ಅಡಾಪ್ಟರೊಂದನ್ನು ಜೇಬಿನಲ್ಲಿಟ್ಟುಕೊಳ್ಳಿ.

ಗರಸು ಮಳೆಯಾದ ಮರುದಿನವೇ ಸವಾರಿಗೆ ಬರುತ್ತದೆ, ಎರೆ (ಅಂಟುವ ಕಪ್ಪು ಮಣ್ಣು) ಬರುವುದಿಲ್ಲ. ಸಿಂಧನೂರಿನ ಆಚೆ ಒಮ್ಮೆ ಹಸಿ ಎರೆಯ ಬಂಡಿ ಜಾಡಿಗೆ ಇಳಿದ ನನಗೆ ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಬ್ರೇಕಿನ ಸಂದಿಯಲ್ಲಿ ಮಣ್ಣು ಮೆತ್ತಿಕೊಂಡು ಚಕ್ರ ತಿರುಗುವುದೇ ನಿಂತಿತು. ಕಡ್ಡಿಯಿಂದ ಕೆರೆದರೆ ಮತ್ತೆ ಮೆತ್ತಿಕೊಳ್ಳುತ್ತಿದ್ದುದರಿಂದ ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಡಾಂಬರಿನವರೆಗೆ ನಡೆಯಬೇಕಾಯಿತು. ಎರೆ ಹೊಲದ ದಾರಿಯನ್ನು ಬೇಸಿಗೆಗೆ ಇಟ್ಟುಕೊಳ್ಳಿ.