ತೋಟದ ಮನೆಯ ಅಮ್ಮನಿಗೆ ನಾಯಿಯೋ, ಬೆಕ್ಕೋ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ತೋಟದ ಮನೆಯಲ್ಲಿ ನಮ್ಮ ತಾಯಿ (76) ಒಬ್ಬರೇ ಇದ್ದಾರೆ. ಮಂಡಿನೋವು, ಊರುಗೋಲು ಬೇಕು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆಯೂ ಇದೆ. ಜೊತೆಗೂ ಆಯಿತು, ಕಾವಲಿಗೂ ಆಯಿತು ಅಂತ ಲ್ಯಾಬ್ರಡಾರ್ ಮರಿ ತರೋಣ ಅನ್ನುತ್ತಾನೆ ತಮ್ಮ. ಮನೆಯಲ್ಲಿ ಮೀನು, ಮಾಂಸ ಮಾಡುವುದಿಲ್ಲ. ಏನು ಮಾಡುವುದು?

ಉತ್ತರ: ಲ್ಯಾಬ್ರಡಾರ್ ಬೇಡ. ಮರಿಯಂತೂ ಯಾವ ಜಾತಿಯದೂ ಬೇಡ. ಎರಡು ತಿಂಗಳ ಮರಿಯನ್ನು ಎರಡೆರಡು ಗಂಟೆಗೊಮ್ಮೆ ಅಂಗಳಕ್ಕೆ ಕರೆದೊಯ್ಯಬೇಕು. ಹಲ್ಲು ಬದಲಾಗುವಾಗ ಸೆರಗು, ಊರುಗೋಲು ಯಾವುದನ್ನೂ ಬಿಡುವುದಿಲ್ಲ. ವರ್ಷ ತುಂಬುವಷ್ಟರಲ್ಲಿ 25–30 ಕಿಲೋ ಆಗುವ ನಾಯಿ ಪ್ರೀತಿಗೆ ಮೈಮೇಲೆ ಹಾರಿದರೂ ಸಾಕು, ಮಳೆಗಾಲದ ಪಾಚಿ ಅಂಗಳದಲ್ಲಿ ಅಮ್ಮ ಬಿದ್ದಂತೆಯೇ. ಕಾವಲಿಗೂ ಅದು ಅಷ್ಟಕ್ಕಷ್ಟೆ, ಕಳ್ಳನ ಮುಂದೆಯೂ ಬಾಲ ಅಲ್ಲಾಡಿಸುವ ಜಾತಿ. ರಾತ್ರಿ ಹೊರಗೆ ಕಟ್ಟಿದರೆ ಚಿರತೆಯ ಭಯ. ಹಗಲು ಕಾಡಂಚು ತಿರುಗಿ ಬಂದರೆ ಮೈತುಂಬ ಉಣುಗು. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ, ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಟ ಹೆಚ್ಚು. ದಿನಾ ಬಗ್ಗಿ ನಾಯಿಯ ಕಿವಿ, ಬೆರಳ ಸಂದು ಹುಡುಕುವುದು ಮಂಡಿನೋವಿನವರಿಗೆ ಆಗುವ ಕೆಲಸವಲ್ಲ.

ನಮ್ಮ ಸಲಹೆ, ಎರಡರಿಂದ ನಾಲ್ಕು ವರ್ಷದ ನಾಟಿ ಬೆಕ್ಕು, ಸಂತಾನಹರಣ ಚಿಕಿತ್ಸೆ ಆದದ್ದು. ಆ ವಯಸ್ಸಿಗೆ ಗುಣ ಗೊತ್ತಾಗಿರುತ್ತದೆ. ಗುರುತಿನವರ ಮನೆಯದಾದರೆ ಅಮ್ಮನನ್ನೇ ಕರೆದೊಯ್ದು ಅರ್ಧ ಗಂಟೆ ಕೂರಿಸಿ. ತಾನಾಗಿ ಮಡಿಲಿಗೆ ಬಂದರೆ ತನ್ನಿ, ಮುಟ್ಟಿದರೆ ಪರಚುವುದನ್ನು ಬಿಟ್ಟುಬಿಡಿ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತಗೊಳ್ಳುವವರಿಗೆ ಸಣ್ಣ ಗೀರಿನ ರಕ್ತವೂ ಬೇಗ ನಿಲ್ಲುವುದಿಲ್ಲ. ಮೂರು ವಾರಕ್ಕೊಮ್ಮೆ ಉಗುರಿನ ತುದಿ ಕತ್ತರಿಸಲು ಯಾರಾದರೂ ಬೇಕು. ಕಚ್ಚಿದರೆ, ಪರಚಿದರೆ 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಲೇಬೇಕು. ಬೆಕ್ಕಿಗೂ ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ, ಮೂರು ತಿಂಗಳಿಗೊಮ್ಮೆ ಜಂತುಹುಳದ ಔಷಧ ಹಾಕಿಸಿ.

ಬೆಕ್ಕಿನಿಂದ ದೊಡ್ಡ ಅಪಾಯ ಹಸಿದಾಗ ಕಾಲಿಗೆ ಸುತ್ತುವುದು. ತಟ್ಟೆಯನ್ನು ನೆಲದಲ್ಲಿಡದೆ ಸೊಂಟದೆತ್ತರದ ಕಟ್ಟೆಯ ಮೇಲಿಡಿ. ಬೆಕ್ಕು ಹಾರಿ ಹತ್ತುತ್ತದೆ, ಅಮ್ಮ ಬಗ್ಗಬೇಕಿಲ್ಲ. ಕೊರಳಿಗೆ ಸಣ್ಣ ಗೆಜ್ಜೆ ಇರಲಿ, ಎಲ್ಲಾದರೂ ಸಿಕ್ಕಿಕೊಂಡರೆ ತಾನೇ ಬಿಚ್ಚಿಕೊಳ್ಳುವ ಪಟ್ಟಿಯಲ್ಲಿ. ಜಡಿಮಳೆಯಲ್ಲಿ ಬೆಕ್ಕು ಹೊರಗೆ ಹೋಗಲು ಒಪ್ಪುವುದಿಲ್ಲ. ಅದರ ಮಲಮೂತ್ರಕ್ಕೆ ಹಳೆಯ ಬೋಗುಣಿಗೆ ಎರಡು ಇಂಚು ಒಣಮರಳು ಹಾಕಿ ಗಟ್ಟಿಯಾದ ಬೆಂಚಿನ ಮೇಲಿಡಿ.

ಹಾಲನ್ನದಲ್ಲೇ ಸಾಕಬಹುದು ಅನ್ನುವುದು ನಮ್ಮಲ್ಲಿ ಹಳೆಯ ತಪ್ಪು. ಮಾಂಸದಲ್ಲಿರುವ ಟಾರಿನ್ ಎಂಬ ಪೋಷಕಾಂಶ ಸಿಗದಿದ್ದರೆ ಬೆಕ್ಕಿನ ಕಣ್ಣು, ಹೃದಯ ಹಾಳಾಗುತ್ತವೆ. ಹಾಲು ಹಲವಕ್ಕೆ ಭೇದಿಯನ್ನೇ ತರುತ್ತದೆ. ಮೀನು ಮುಟ್ಟದ ಮನೆಗೆ ಪ್ಯಾಕೆಟ್ಟಿನ ಒಣ ಆಹಾರವೇ ಸುಲಭ: ನಾಲ್ಕು ಕಿಲೋ ಬೆಕ್ಕಿಗೆ ದಿನಕ್ಕೆ 50–60 ಗ್ರಾಂ, ಎರಡು ಸಲ, ಜೊತೆಗೆ ಧಾರಾಳ ನೀರು. ಮಂಡಿನೋವಿನ ಮನೆಯಲ್ಲಿ ಪ್ಯಾರಾಸಿಟಮಾಲ್ ಇದ್ದೇ ಇರುತ್ತದೆ. ಒಂದೇ ಒಂದು ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು, ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ.

ಬೆಕ್ಕು ಹದಿನೈದು ವರ್ಷವೂ ಬದುಕೀತು. ಅಮ್ಮ ಆಸ್ಪತ್ರೆ ಸೇರಿದರೆ ಅದಕ್ಕೆ ಊಟ ಹಾಕುವವರು ಯಾರು? ಪಕ್ಕದ ಮನೆಯವರನ್ನು ಈಗಲೇ ಕೇಳಿ, ಅವರು ಹೂಂ ಅಂದ ಮೇಲೆ ತನ್ನಿ.

ಪ್ರಶ್ನೆ: ಶಿವಮೊಗ್ಗದ ಅಪಾರ್ಟ್‌ಮೆಂಟಿನಲ್ಲಿರುವ ಅಜ್ಜನಿಗೆ (82) ಗಿಳಿ ಸಾಕುವ ಆಸೆ. ಅವರಿಗೆ ಉಬ್ಬಸ ಇದೆ.

ಉತ್ತರ: ನಮ್ಮ ಕಾಡಿನ ಗಿಳಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಲವ್‌ಬರ್ಡ್ಸ್ ತರಬಹುದು, ಆದರೆ ರೆಕ್ಕೆಯ ಧೂಳು ಉಬ್ಬಸಕ್ಕೆ ಆಗಿಬರದು. ಮೀನು ಸಾಕಲಿ. 40 ಲೀಟರಿನ ತೊಟ್ಟಿ ಸಾಕು. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಪೈಪಿನಲ್ಲಿ ತೆಗೆದು, ಒಂದು ದಿನ ತೆರೆದಿಟ್ಟ ನಲ್ಲಿ ನೀರು ತುಂಬಬೇಕು. ಬಕೆಟ್ ಎತ್ತುವ ಕೆಲಸ ಮೊಮ್ಮಕ್ಕಳದ್ದು. ಮೀನು ಸಾಯುವುದು ಹೆಚ್ಚಾಗಿ ಅತಿಯಾದ ಊಟದಿಂದ: ಉಳಿದದ್ದು ಕೊಳೆತು ನೀರು ಕೆಡುತ್ತದೆ. ಹಾಕಿದ್ದನ್ನು ಮರೆತು ಅಜ್ಜ ಮತ್ತೆ ಹಾಕದಿರಲು, ಏಳು ದಿನದ ಮಾತ್ರೆ ಡಬ್ಬಿ ಇನ್ನೊಂದು ತಂದು ಮೀನಿನ ಚಿತ್ರ ಅಂಟಿಸಿ, ದಿನಕ್ಕೊಂದು ಚಿಟಿಕೆ ತುಂಬಿಡಿ.