ಬಿಸಿಲಿಗೆ ಅರ್ಧ ಹೆಲ್ಮೆಟ್ ಸಾಕೇ?

ಪ್ರಶ್ನೆ: ದಿನಾ ಸಿಂಧನೂರಿನಿಂದ ಮಸ್ಕಿಗೆ ಬೈಕಿನಲ್ಲಿ ಹೋಗುತ್ತೇನೆ. ಬೇಸಿಗೆಯಲ್ಲಿ ಪೂರ್ತಿ ಹೆಲ್ಮೆಟ್ ತಾಳಲಾಗದೆ ರಸ್ತೆಬದಿಯ ಅರ್ಧ ಹೆಲ್ಮೆಟ್ ಕೊಂಡಿದ್ದೇನೆ. ಸಾಕಲ್ಲವೇ? ಕಾರಿನ ಹಿಂದಿನ ಸೀಟಿಗೂ ಬೆಲ್ಟ್ ಬೇಕೇ?
– ಓದುಗ, ಸಿಂಧನೂರು

ಉತ್ತರ: ಅದು ಪೊಲೀಸರಿಗೆ ತೋರಿಸುವ ಟೋಪಿ ಮಾರಾಯರೇ! ತಿರುವಿ ನೋಡಿ. ಒಳಗೆ ದಪ್ಪ ಥರ್ಮಾಕೋಲ್ ಪದರ ಇಲ್ಲದೆ ಬರೀ ಸ್ಪಂಜಿದ್ದರೆ ಬಿಸಾಡಿ. ಬಿದ್ದಾಗ ಆ ಪದರವೇ ಜಜ್ಜಿಹೋಗಿ ಪೆಟ್ಟಿನ ರಭಸವನ್ನು ನುಂಗುವುದು. ಅದಕ್ಕೇ ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಎಷ್ಟೇ ಫಳಫಳ ಅಂದರೂ ಮತ್ತೆ ಹಾಕಬಾರದು. ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2008ರ ಕಾಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಅಂತರರಾಷ್ಟ್ರೀಯ ಸಂಸ್ಥೆ) ವಿಮರ್ಶೆಯ ಪ್ರಕಾರ ಹೆಲ್ಮೆಟ್ಟಿನಿಂದ ತಲೆಗಾಯದ ಅಪಾಯ ಸುಮಾರು ಶೇ. 69, ಸಾವಿನ ಅಪಾಯ ಶೇ. 42ರಷ್ಟು ತಗ್ಗುತ್ತದೆ. ಪಟ್ಟಿ ಬಿಗಿದಿದ್ದರೆ ಮಾತ್ರ ಅನ್ನಿ. ನಾನು ತುರ್ತು ವಾರ್ಡಿನಲ್ಲಿ ನರ್ಸಾಗಿದ್ದಾಗ ‘ಹೆಲ್ಮೆಟ್ ಇತ್ತು ಸಿಸ್ಟರ್’ ಎಂದು ಮನೆಯವರು ತಂದು ತೋರಿಸುತ್ತಿದ್ದರು. ಒಂದು ಗೀರೂ ಇರುತ್ತಿರಲಿಲ್ಲ, ಮೊದಲೇ ಹಾರಿಹೋಗಿ ಬಿದ್ದದ್ದು. ಐಎಸ್‌ಐ ಗುರುತು, ಐಎಸ್ 4151 (ಬೈಕ್ ಹೆಲ್ಮೆಟ್ಟಿನ ಭಾರತೀಯ ಮಾನದಂಡ) ಸಂಖ್ಯೆ ನೋಡಿ ಕೊಳ್ಳಿ. ನಮ್ಮ ರಾಯಚೂರು ಬಿಸಿಲಿಗೆ ತಿಳಿಬಣ್ಣದ, ಗಾಳಿಕಿಂಡಿ ಇರುವುದು ವಾಸಿ. ಒಳಗೆ ತೆಳು ಹತ್ತಿಬಟ್ಟೆ ಕಟ್ಟಿ, ದಪ್ಪ ಟವೆಲ್ ಬೇಡ, ಹೆಲ್ಮೆಟ್ ಸಡಿಲಾಗುತ್ತದೆ.

ಹಿಂದಿನ ಸೀಟಿಗೂ ಬೆಲ್ಟ್ ಕಾನೂನಿನಲ್ಲೇ ಇದೆ. ಬೆಲ್ಟ್ ಇಲ್ಲದೆ ಹಿಂದೆ ಕೂತವರು ಗುದ್ದಿದ ಕ್ಷಣಕ್ಕೆ ಮುಂದಿನವರ ಬೆನ್ನಿಗೇ ಅಪ್ಪಳಿಸುತ್ತಾರೆ. ಸೀಟ್ ಕವರ್ ಹಾಕಿಸುವಾಗ ಹಿಂದಿನ ಕ್ಲಿಪ್‌ಗಳನ್ನು ಮುಚ್ಚಿ ಹೊಲಿದಿರುತ್ತಾರೆ. ಕತ್ತರಿ ತಗೊಂಡು ಬಿಡಿಸಿಕೊಳ್ಳಿ.