ಸೋಮವಾರಪೇಟೆಯಲ್ಲಿ ಡಿಜಿಟಲ್ ರೇಡಿಯೋ ಶುರು ಮಾಡಬಹುದಾ?

ಬ್ರಿಟನ್ನಿನ ಊರುಗಳ ಹಾಗೆ ಸೋಮವಾರಪೇಟೆಯಲ್ಲೂ ಸಣ್ಣ ಡಿಜಿಟಲ್ ರೇಡಿಯೋ ಶುರು ಮಾಡಬಹುದಾ ಅಂತ ಕೇಳಿದ್ದೀರಿ. ಅಲ್ಲಿ ಒಂದೇ ಟ್ರಾನ್ಸ್‌ಮಿಟರನ್ನು ಹಲವು ಕೇಂದ್ರಗಳು ಹಂಚಿಕೊಳ್ಳುತ್ತವೆ, ಹಾಗಾಗಿ ಖರ್ಚು ಕಡಿಮೆ. ನಮ್ಮಲ್ಲಿ ಆ ದಾರಿ ಇಲ್ಲ. ಆಕಾಶವಾಣಿಯ ಡಿಜಿಟಲ್ ಪ್ರಸಾರ ಇದೆ ನಿಜ, ಆದರೆ ಅದು ಡಿಆರ್‌ಎಂ ಅನ್ನೋ ಬೇರೆ ತಂತ್ರಜ್ಞಾನ. ಅದನ್ನು ಕೇಳುವ ಸೆಟ್ ಎಷ್ಟು ಮನೆಯಲ್ಲಿದೆ ಹೇಳಿ?

ನಿಮಗೆ ಸಿಗೋದು ಎಫ್‌ಎಂನ ಸಮುದಾಯ ರೇಡಿಯೋ. ವ್ಯಕ್ತಿಗಳಿಗೆ ಪರವಾನಗಿ ಕೊಡುವುದಿಲ್ಲ. 2006ರಿಂದ ಸಂಘ ಸಂಸ್ಥೆಗಳಿಗೂ ಅವಕಾಶವಿದೆ, ಆದರೆ ನೋಂದಣಿಯಾಗಿ ಕನಿಷ್ಠ 3 ವರ್ಷ ಆಗಿರಬೇಕು. ಅರ್ಧದಷ್ಟು ಕಾರ್ಯಕ್ರಮ ಸ್ಥಳೀಯವಾಗಿ ತಯಾರಾಗಬೇಕು. ಕೊಡವ ತಕ್ಕ್, ಅರೆಭಾಷೆ ಮಾತಾಡುವ ಜಾಗದಲ್ಲಿ ಅದೇನು ಕಷ್ಟವಲ್ಲ ಬಿಡಿ. ಸುದ್ದಿ ಮಾತ್ರ ಆಕಾಶವಾಣಿಯದ್ದೇ ಹಾಕಬೇಕು.

ತಲೆನೋವು ಗುಡ್ಡಗಳದ್ದು. 100 ವ್ಯಾಟ್‌ನ ಟ್ರಾನ್ಸ್‌ಮಿಟರ್ ಬಯಲುಸೀಮೆಯಲ್ಲಿ ಹತ್ತು ಕಿಲೋಮೀಟರ್ ಹೋದೀತು. ಇಲ್ಲಿ ಒಂದು ಬೆಟ್ಟ ಅಡ್ಡ ಬಂದರೆ ಆಚೆ ತೋಟದಲ್ಲಿ ಬರೀ ಗೊರಗೊರ. ಡಿಜಿಟಲ್ ಆದರೆ ಗೊರಗೊರವೂ ಇರಲ್ಲ, ಸದ್ದೇ ನಿಂತುಹೋಗುತ್ತದೆ! ಆದ್ದರಿಂದ ಆಂಟೆನಾಗೆ ಜಾಗ ಮೊದಲು ನೋಡಿ, ಸ್ಟುಡಿಯೋ ಆಮೇಲೆ.

ಇನ್ನೊಂದು ಮಾತು. ಸ್ಟುಡಿಯೋಗೆ ಶೀಟ್ ಹಾಕಿದ ಕೋಣೆ ಬೇಡವೇ ಬೇಡ. ಒಂದು ಜುಲೈನಲ್ಲಿ ನಾನು ಅಂಥ ಕೋಣೆಯಲ್ಲಿ ಒಬ್ಬ ಅಜ್ಜಿಯ ಹಾಡು ರೆಕಾರ್ಡ್ ಮಾಡಿದ್ದೆ. ಮನೆಗೆ ಬಂದು ಕೇಳಿದರೆ ಮುಕ್ಕಾಲು ಗಂಟೆ ಮಳೆ, ನಡುವೆ ಎಲ್ಲೋ ಅಜ್ಜಿ. ಸಿಡಿಲಿಗೆ ಅರ್ಥಿಂಗ್, ಕರೆಂಟಿಗೆ ದೊಡ್ಡ ಬ್ಯಾಟರಿ, ಇವೆರಡಕ್ಕೆ ಈಗಲೇ ದುಡ್ಡು ಎತ್ತಿಡಿ. ನಿಮ್ಮ ಸಂಘ ನೋಂದಣಿಯಾಗಿ ಎಷ್ಟು ವರ್ಷ ಆಯ್ತು?